ಒಣಗಿದ ಬಾಯಿ, ಬೆವರಿದ ಹಣೆ

ಠಾಣೆಯಲ್ಲಿ ಒಬ್ಬನನ್ನು ವಿಚಾರಿಸುತ್ತಿದ್ದಾರೆ ಎನ್ನಿ. ಅವನ ಬಾಯಿ ಒಣಗುತ್ತದೆ, ಹಣೆ ಬೆವರುತ್ತದೆ, ಮಾತು ತಡವರಿಸುತ್ತದೆ. ಸುಳ್ಳು ಹೇಳುತ್ತಿದ್ದಾನೆಯೇ ಅಥವಾ ಬರೀ ಹೆದರಿದ್ದಾನೆಯೇ?

ಪ್ರಶ್ನೆ ಬಹಳ ಹಳೆಯದು. ನಿಂತಲ್ಲಿ ನಿಲ್ಲದವನು, ಕಟವಾಯಿ ನೆಕ್ಕುವವನು, ಹಣೆ ಬೆವರುವವನು, ಮುಖದ ಬಣ್ಣಗೆಡುವವನು ಅನುಮಾನಕ್ಕೆ ಪಾತ್ರ ಎಂದು ಯಾಜ್ಞವಲ್ಕ್ಯ ಸ್ಮೃತಿ ಪಟ್ಟಿ ಮಾಡುತ್ತದೆ. ನಾರದ ಸ್ಮೃತಿಯಲ್ಲಿ ಇನ್ನೂ ವಿಚಿತ್ರವಾದ ಅಕ್ಕಿಯ ದಿವ್ಯವಿದೆ. ಕಳವಿನ ಶಂಕೆ ಬಂದವನಿಗೆ ಅಕ್ಕಿ ಅಗಿಸಿ ಉಗುಳಿಸುವುದು. ಉಗುಳಿನಲ್ಲಿ ರಕ್ತ ಕಂಡರೆ, ಮೈ ನಡುಗಿದರೆ ಅವನೇ ಕಳ್ಳ! ಇದರಲ್ಲಿ ತಿರುಳಿಲ್ಲವೆಂದಲ್ಲ. ಭಯವಾದಾಗ ಜೊಲ್ಲು ಬತ್ತುತ್ತದೆ, ಎದೆಬಡಿತ ಏರುತ್ತದೆ, ಅಂಗೈ ಬೆವರುತ್ತದೆ. ಆದರೆ ನಿರಪರಾಧಿಗೂ ಭಯವಾಗುತ್ತದಲ್ಲ!

ಈ ತೊಡಕನ್ನು ಸ್ಪಷ್ಟವಾಗಿ ಕಂಡವನು ನಮ್ಮ ನೆಲದವನೇ. ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ, ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ. ಈ ಚಿಹ್ನೆಗಳಿಂದ ದೋಷವನ್ನು ಊಹಿಸಬಹುದೇ ಹೊರತು ನಿಶ್ಚಯಿಸಲಾಗದು ಎಂದ ಆತ. ಒಬ್ಬನ ಸಹಜ ಸ್ವಭಾವದ ವಿಕಾರ ಯಾವುದು, ಕಾರಣದಿಂದ ಹುಟ್ಟಿದ್ದು ಯಾವುದು ಎಂದು ಬೇರ್ಪಡಿಸುವುದು ಕಷ್ಟ ಎಂಬುದು ಅವನ ವಾದ. ಉತ್ತರಾಧಿಕಾರದ ಕಾನೂನಿಗಾಗಿ ಮಿತಾಕ್ಷರೆಯನ್ನು ನೆನೆಯುವ ನಾವು ಈ ಮಾತನ್ನು ಮರೆತೇಬಿಟ್ಟಿದ್ದೇವೆ.

ಯಂತ್ರ ಬಂದ ಮೇಲೂ ತೊಡಕು ಬಿಡಲಿಲ್ಲ. 1921ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಜಾನ್ ಲಾರ್ಸನ್ ಎಂಬ ಪೊಲೀಸ್ ಅಧಿಕಾರಿ ರಕ್ತದೊತ್ತಡ, ಉಸಿರಾಟಗಳನ್ನು ಒಟ್ಟಿಗೆ ಗೆರೆಗಳಲ್ಲಿ ದಾಖಲಿಸುವ ಯಂತ್ರ ಕಟ್ಟಿದ. ಪತ್ರಿಕೆಗಳು ಅದಕ್ಕೆ ಸುಳ್ಳುಪತ್ತೆ ಯಂತ್ರವೆಂದವು. ಅದು ಬರೆಯುವುದು ಸುಳ್ಳನ್ನಲ್ಲ, ಉದ್ವೇಗವನ್ನು. 1923ರಲ್ಲೇ ವಾಷಿಂಗ್ಟನ್ನಿನ ನ್ಯಾಯಾಲಯವೊಂದು ಫ್ರೈ ಎಂಬಾತನ ಕೊಲೆ ಪ್ರಕರಣದಲ್ಲಿ ರಕ್ತದೊತ್ತಡದ ಪರೀಕ್ಷೆಯನ್ನು ಸಾಕ್ಷ್ಯವಾಗಿ ಒಪ್ಪಲಿಲ್ಲ. ಸುಳ್ಳಿಗೆ ಮಾತ್ರ ಮೀಸಲಾದ ದೇಹಚಿಹ್ನೆ ಇಂದಿಗೂ ಸಿಕ್ಕಿಲ್ಲ.

ನಮ್ಮಲ್ಲಿ ಈ ವಿವಾದ ಇತ್ಯರ್ಥವಾದದ್ದು 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ. ಒಪ್ಪಿಗೆಯಿಲ್ಲದೆ ಯಾರನ್ನೂ ಸುಳ್ಳುಪತ್ತೆ, ಮಂಪರು ಅಥವಾ ಮಿದುಳಿನ ಪರೀಕ್ಷೆಗೆ ಒಳಪಡಿಸಕೂಡದು ಎಂದು ಸುಪ್ರೀಂ ಕೋರ್ಟ್ 2010ರ ಮೇ 5ರಂದು ತೀರ್ಪಿತ್ತಿತು. ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಆರೋಪಿಯನ್ನು ಬಲವಂತಪಡಿಸಬಾರದೆಂಬ ಸಂವಿಧಾನದ 20(3)ನೇ ವಿಧಿ ಅದರ ಆಧಾರ. ಆರೋಪಿ ಒಪ್ಪಿದರೂ ಆ ಒಪ್ಪಿಗೆ ಪೊಲೀಸರ ಮುಂದಲ್ಲ, ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು.