ಭದ್ರೆಯ ದಡದ ಉಕ್ಕಿನ ನಗರ

ಭದ್ರಾವತಿಯ ಚರಿತ್ರೆಯನ್ನು ಬರೆಯಹೊರಡುವವರು ಕಬ್ಬಿಣದ ಕಾರ್ಖಾನೆಯಿಂದಲೇ ಆರಂಭಿಸುವುದು ವಾಡಿಕೆ. ಆದರೆ ಹಿಂದೆ ಬೆಂಕಿಪುರವೆನಿಸಿದ್ದ ಈ ಊರು ಕಾರ್ಖಾನೆಗಿಂತ ಬಹು ಪ್ರಾಚೀನವಾದುದು. ಹಳೇನಗರದಲ್ಲಿರುವ ಹೊಯ್ಸಳರ ಕಾಲದ ತ್ರಿಕೂಟ ಲಕ್ಷ್ಮೀನರಸಿಂಹ ದೇವಾಲಯವೇ ಇದಕ್ಕೆ ಸಾಕ್ಷಿ. ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ತುಂಗೆಯನ್ನು ಸೇರುವ ಭದ್ರೆಯು ಈ ಊರಿಗೆ ನೀರನ್ನಷ್ಟೇ ಅಲ್ಲ, ಹೆಸರನ್ನೂ ಕೊಟ್ಟಿದ್ದಾಳೆ.

ಕಾರ್ಖಾನೆಯು ಇಲ್ಲಿಗೇ ಬಂದುದೇಕೆ? ಮೈಸೂರು ಸಂಸ್ಥಾನದಲ್ಲಿ ಅದಿರು ಹೇರಳವಾಗಿತ್ತು, ಕಲ್ಲಿದ್ದಲು ಇರಲಿಲ್ಲ. ಆದುದರಿಂದ ಮಲೆನಾಡಿನ ಮರದಿಂದ ಇದ್ದಿಲು ತಯಾರಿಸಿ, ಅದರಿಂದಲೇ ಕುಲುಮೆಯನ್ನು ಉರಿಸುವ ಸಾಹಸಕ್ಕೆ ಸಂಸ್ಥಾನವು ಕೈಹಾಕಿತು. ಮುಚ್ಚಿದ ಪಾತ್ರೆಗಳಲ್ಲಿ ಮರವನ್ನು ಕಾಯಿಸಿದಾಗ ಇದ್ದಿಲಿನೊಡನೆ ಟಾರು, ಮರದ ಮದ್ಯಸಾರ ಮೊದಲಾದವೂ ದೊರೆಯುತ್ತಿದ್ದವು. ಕೆಮ್ಮಣ್ಣುಗುಂಡಿಯ ಅದಿರು, ಸುತ್ತಣ ಕಾಡಿನ ಸೌದೆ, ಭದ್ರೆಯ ನೀರು, ಇವು ಮೂರೂ ಒದಗುವ ಸ್ಥಳ ಇದಾಗಿತ್ತು. ಈ ಏರ್ಪಾಡಿನ ಬೆಲೆಯನ್ನು ಮೊದಲು ತೆತ್ತದ್ದು ಕಾಡು ಎಂಬುದನ್ನೂ ನಾವು ಮರೆಯಲಾಗದು.

1918ರಲ್ಲಿ ಆರಂಭವಾದ ಕೆಲಸ 1923ರಲ್ಲಿ ಕಬ್ಬಿಣವನ್ನು ಕಂಡಿತು. ಆದರೆ ಅಷ್ಟರಲ್ಲಿ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ನಷ್ಟ ಬಂತು, ಟೀಕೆಗಳೂ ಬಂದವು. ದಿವಾನಗಿರಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು ಮಹಾರಾಜರು ಮತ್ತೆ ಕರೆಸಿ ಆಡಳಿತ ಮಂಡಲಿಯ ಅಧ್ಯಕ್ಷರನ್ನಾಗಿ ಮಾಡಿದರು. 1929ರವರೆಗೆ ಅವರು ಖರ್ಚನ್ನು ಹಿಡಿದು, ಜನರನ್ನು ತರಬೇತುಗೊಳಿಸಿ ಕಾರ್ಖಾನೆಯನ್ನು ನಿಲ್ಲಿಸಿದರು. ಮುಂದೆ ಉಕ್ಕು ಬಂತು, ಸಿಮೆಂಟು ಬಂತು, 1936ರಲ್ಲಿ ಮೈಸೂರು ಕಾಗದ ಕಾರ್ಖಾನೆಯೂ ಸ್ಥಾಪನೆಯಾಯಿತು. ಜೋಗದ ವಿದ್ಯುತ್ತು ಲಭಿಸಿದ ಮೇಲೆ ಇದ್ದಿಲಿನ ಭಾರವೂ ತಗ್ಗಿತು.

ಕನ್ನಡ, ತಮಿಳು, ತೆಲುಗು, ಉರ್ದು, ಮಲೆಯಾಳಗಳನ್ನಾಡುವವರು ಒಂದೇ ಸೈರನ್ನಿಗೆ ಎದ್ದು ಒಂದೇ ಗೇಟಿನೊಳಗೆ ಹೋಗುತ್ತಿದ್ದರು. ಪಾಳಿಯನ್ನು ನೋಡಿಯೇ ಮನೆಗಳಲ್ಲಿ ಒಲೆ ಹೊತ್ತುತ್ತಿತ್ತು. ಕ್ವಾರ್ಟರ್ಸಿನ ನೆರೆಹೊರೆಯಲ್ಲಿ ಬೆಳೆದ ಮಕ್ಕಳಿಗೆ ಎರಡು ಮೂರು ಭಾಷೆ ಸಲೀಸು. ಇದನ್ನು ಯಾವ ಯೋಜನಾ ವರದಿಯೂ ಮುಂಗಂಡಿರಲಾರದು!

ಇಂದು ಸ್ಥಿತಿ ಬೇರೆ. ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಗಿದ್ದ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ಅದೇ ವರ್ಷ ಕೆಲಸ ಭಾಗಶಃ ಪುನರಾರಂಭವಾಯಿತು. ನಷ್ಟವೊಂದೇ ಮುಚ್ಚಲು ಕಾರಣವಾಗುವುದಾದರೆ ಈ ಕಾರ್ಖಾನೆ ತನ್ನ ಮೊದಲ ವರ್ಷಗಳಲ್ಲಿಯೇ ಮುಚ್ಚಬೇಕಾಗಿತ್ತು ಎಂದು ನಾವು ವಿನಯಪೂರ್ವಕವಾಗಿ ಹೇಳಬಯಸುತ್ತೇವೆ. ಆಗಿನವರು ನಷ್ಟದ ಕಾರಣವನ್ನು ಹುಡುಕಿ ಸರಿಪಡಿಸಿದರು. ಈಗಿನ ಕಾರಣಗಳಲ್ಲಿ ಒಂದಂತೂ ಎಲ್ಲರಿಗೂ ಗೊತ್ತಿರುವುದೇ: ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ನಿಂತುಹೋಗಿದೆ, ಅದಿರು ಹತ್ತಿರವಿದೆಯೆಂದೇ ಇಲ್ಲಿ ನೆಲೆಗೊಂಡ ಕಾರ್ಖಾನೆ ಈಗ ಸ್ವಂತ ಗಣಿಯಿಲ್ಲದೆ ಅದಿರನ್ನು ಕೊಳ್ಳಬೇಕಾಗಿ ಬಂದಿದೆ.