ಕಿರಣಕ್ಕೆ ತಕ್ಕ ತಡೆ

1901ರಲ್ಲಿ ಫ್ರಾನ್ಸಿನ ವಿಜ್ಞಾನಿ ಹೆನ್ರಿ ಬೆಕೆರೆಲ್ ರೇಡಿಯಂ ತುಂಬಿದ ಪುಟ್ಟ ಕೊಳವೆಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಕೆಲವು ದಿನಗಳಲ್ಲೇ ಜೇಬಿನ ನೇರಕ್ಕೆ ಚರ್ಮ ಕೆಂಪೇರಿ ಹುಣ್ಣಾಯಿತು. ವಿಕಿರಣಶೀಲತೆಯನ್ನು ಕಂಡುಹಿಡಿದವರಿಗೇ ಅದರಿಂದ ಮೈ ಕಾಪಾಡಿಕೊಳ್ಳುವ ದಾರಿ ತಿಳಿದಿರಲಿಲ್ಲ.

ಅಷ್ಟರಲ್ಲಿ ಕಿರಣಗಳ ಜಾತಿ ಗೊತ್ತಾಗತೊಡಗಿತ್ತು. 1899ರಲ್ಲಿ ರುದರ್‌ಫೋರ್ಡ್ ಆಲ್ಫಾ, ಬೀಟಾಗಳನ್ನು ಬೇರ್ಪಡಿಸಿದರು. ಮರುವರ್ಷ ವಿಲಾರ್ಡ್ ಗಾಮಾವನ್ನು ಗುರುತಿಸಿದರು. ಆಲ್ಫಾ ಕಣವನ್ನು ಒಂದು ಹಾಳೆ ಕಾಗದ ತಡೆಯುತ್ತದೆ. ಬೀಟಾಗೆ ಕೆಲವು ಮಿಲಿಮೀಟರ್ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್ ಸಾಕು. ಇಲ್ಲಿ ಭಾರದ ಸೀಸವೇ ಮೇಲು ಎಂದುಕೊಂಡರೆ ತಪ್ಪು: ಪ್ರಬಲ ಬೀಟಾ ಕಣ ಸೀಸಕ್ಕೆ ಬಡಿದರೆ ಎಕ್ಸ್-ರೇ ಹುಟ್ಟುತ್ತದೆ. ಸೀಸ ಬೇಕಾಗುವುದು ಗಾಮಾಕ್ಕೆ. ಕೋಬಾಲ್ಟ್-60ರ ಗಾಮಾ ಅರ್ಧಕ್ಕಿಳಿಯಲು ಸುಮಾರು 1.2 ಸೆಂ.ಮೀ. ಸೀಸ ಬೇಕು, ಉಳಿದರ್ಧವನ್ನು ಮತ್ತೆ ಅರ್ಧಕ್ಕಿಳಿಸಲು ಇನ್ನೊಂದು ಅಷ್ಟೇ ದಪ್ಪದ ಪದರ.

ಕಾಗದಕ್ಕೇ ಸೋಲುವ ಆಲ್ಫಾ ಎಷ್ಟು ಕ್ರೂರವಾಗಬಲ್ಲದು ಎಂಬುದನ್ನು ತೋರಿಸಿಕೊಟ್ಟವರು ಅಮೆರಿಕದ ನ್ಯೂಜೆರ್ಸಿಯ ಹುಡುಗಿಯರು. ಕತ್ತಲಲ್ಲಿ ಹೊಳೆಯುವ ಗಡಿಯಾರಗಳಿಗೆ ರೇಡಿಯಂ ಬಣ್ಣ ಬಳಿಯುವುದು ಅವರ ಕೆಲಸ. ಕುಂಚದ ತುದಿ ಚೂಪಾಗಲೆಂದು ಅದನ್ನು ತುಟಿಗಿಟ್ಟುಕೊಳ್ಳುತ್ತಿದ್ದರು. ಹೊಟ್ಟೆಗೆ ಹೋದ ರೇಡಿಯಂ ಕ್ಯಾಲ್ಸಿಯಂನಂತೆ ಮೂಳೆ ಸೇರಿ ಒಳಗಿನಿಂದಲೇ ಆಲ್ಫಾ ಸೂಸಿತು, ದವಡೆಗಳು ಕೊಳೆತವು, ಹಲವರು ಹರೆಯದಲ್ಲೇ ತೀರಿಕೊಂಡರು. ಐವರು ಹೆಣ್ಣುಮಕ್ಕಳು ಹೂಡಿದ ದಾವೆ 1928ರಲ್ಲಿ ಪರಿಹಾರದೊಂದಿಗೆ ಇತ್ಯರ್ಥವಾಯಿತು. ವಿಕಿರಣ ರಕ್ಷಣೆಯ ಅಂತಾರಾಷ್ಟ್ರೀಯ ಸಮಿತಿ ಸ್ಟಾಕ್‌ಹೋಮ್‌ನಲ್ಲಿ ಹುಟ್ಟಿದ್ದೂ ಅದೇ ವರ್ಷ. ಈ ಕ್ಷೇತ್ರದ ಒಂದೊಂದು ಪಾಠಕ್ಕೂ ಯಾರೋ ಮೈಯಿಂದ ಬೆಲೆ ತೆತ್ತಿದ್ದಾರೆ.

1932ರಲ್ಲಿ ಚಾಡ್ವಿಕ್ ಕಂಡುಹಿಡಿದ ನ್ಯೂಟ್ರಾನ್ ಹಳೆಯ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿತು. ಸೀಸವನ್ನು ಅದು ಸಲೀಸಾಗಿ ದಾಟುತ್ತದೆ. ಹೈಡ್ರೋಜನ್ ಹೇರಳವಾಗಿರುವ ನೀರು, ಪ್ಯಾರಾಫಿನ್ ಮೇಣಗಳಲ್ಲಿ ವೇಗ ಕಳೆದುಕೊಳ್ಳುತ್ತದೆ. ನಿಧಾನಗೊಂಡದ್ದನ್ನು ಬೋರಾನ್ ಹೀರಿಕೊಳ್ಳುತ್ತದೆ. 1946ರ ಮೇನಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ವಿಜ್ಞಾನಿ ಲೂಯಿಸ್ ಸ್ಲಾಟಿನ್ ಪ್ಲುಟೋನಿಯಂ ಪ್ರಯೋಗ ನಡೆಸುವಾಗ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿ, ಚಿಮ್ಮಿದ ನ್ಯೂಟ್ರಾನ್‌ಗಳು ಅವರ ಮೈಗೆ ನುಗ್ಗಿದವು. ಒಂಬತ್ತು ದಿನಗಳಲ್ಲಿ ಅವರು ತೀರಿಕೊಂಡರು. ಅಂಥ ಪ್ರಯೋಗಗಳನ್ನು ಅಲ್ಲಿಂದಾಚೆಗೆ ದೂರದಿಂದ, ಯಂತ್ರಗಳ ಮೂಲಕವೇ ನಡೆಸಲಾಯಿತು.

ಉತ್ತರ ಕನ್ನಡದ ಕೈಗಾ ಅಣುಸ್ಥಾವರದಲ್ಲಿ ರಿಯಾಕ್ಟರಿನ ಸುತ್ತ ಎರಡು ಸುತ್ತಿನ ಕಾಂಕ್ರೀಟ್ ಕವಚವಿದೆ. ಆದರೆ 2009ರಲ್ಲಿ ಅಪಾಯ ಬಂದದ್ದು ಕುಡಿಯುವ ನೀರಿನ ಕೂಲರ್‌ನಿಂದ. ಯಾರೋ ಅದಕ್ಕೆ ವಿಕಿರಣಶೀಲ ಹೈಡ್ರೋಜನ್ ಆದ ಟ್ರಿಟಿಯಂ ಬೆರೆತ, ರಿಯಾಕ್ಟರಿನ ಭಾರಜಲ ಸೇರಿಸಿದ್ದರು. ಟ್ರಿಟಿಯಂನ ಬೀಟಾ ಚರ್ಮವನ್ನೂ ದಾಟಲಾರದಷ್ಟು ದುರ್ಬಲ, ಆದರೆ ಐವತ್ತಕ್ಕೂ ಹೆಚ್ಚು ನೌಕರರು ಅದನ್ನು ಕುಡಿದಿದ್ದರು. ಸುಳಿವು ಕೊಟ್ಟದ್ದು ವಾಡಿಕೆಯ ಮೂತ್ರಪರೀಕ್ಷೆ. ಹೆಚ್ಚು ನೀರು ಕುಡಿಸಿ, ಮೂತ್ರ ಹೆಚ್ಚಿಸುವ ಔಷಧ ಕೊಟ್ಟು ಟ್ರಿಟಿಯಂ ಹೊರಹೋಗುವಂತೆ ಮಾಡಲಾಯಿತು.

ದೇಶದಲ್ಲಿ ಇದನ್ನೆಲ್ಲ ಕಾಯಲು 1983ರಿಂದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯಿದೆ. ಮೈಗೆ ತಗಲುವ ವಿಕಿರಣಕ್ಕೆ ಅದರ ಮಿತಿ ಹೀಗಿದೆ: ವಿಕಿರಣದೊಡನೆ ಕೆಲಸ ಮಾಡುವವರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ವರ್ಷವೂ 30 ಮೀರಬಾರದು, ಜನಸಾಮಾನ್ಯರಿಗೆ ವರ್ಷಕ್ಕೆ 1. ಆದರೆ 2010ರಲ್ಲಿ ದೆಹಲಿಯ ವಿಶ್ವವಿದ್ಯಾಲಯವೊಂದು ಕೋಬಾಲ್ಟ್-60 ಇದ್ದ ಹಳೆಯ ಉಪಕರಣವನ್ನು ಗುಜರಿಗೆ ಮಾರಿತು. ಮಾಯಾಪುರಿಯ ಗುಜರಿ ಅಂಗಡಿಯಲ್ಲಿ ಅದರ ಕವಚ ಬಿಚ್ಚಿದರು. ಹಲವರು ಆಸ್ಪತ್ರೆ ಸೇರಿದರು, ಒಬ್ಬ ಕೆಲಸಗಾರ ಸತ್ತ. ಬಳಸಿ ಮುಗಿದ ಆಕರವನ್ನು ಸುರಕ್ಷಿತವಾಗಿ ವಿಲೇವಾರಿ ಮಾಡಬೇಕೆಂಬ ನಿಯಮ 1987ರಿಂದಲೂ ಜಾರಿಯಲ್ಲಿತ್ತು.