ಸೊನ್ನಲಿಗೆಯ ಕೆರೆ: ಒಂದು ವಿಚಾರ

ಹನ್ನೆರಡನೆಯ ಶತಮಾನದ ಶಿವಶರಣರಲ್ಲಿ ಊರು, ನೀರು, ದೇಗುಲ ಮೂರನ್ನೂ ಒಂದಾಗಿ ಕಂಡವರು ಸೊನ್ನಲಿಗೆಯ ಸಿದ್ಧರಾಮೇಶ್ವರರು. ಇಂದು ಸೊಲ್ಲಾಪುರವೆನಿಸಿರುವ ಆ ಸೀಮೆ ಮಳೆಗೆ ಹಂಬಲಿಸುವ ಬಯಲು. ಶ್ರೀಶೈಲದಿಂದ ಮರಳಿದ ಶರಣರು ಅಲ್ಲಿ ಕೆರೆಯನ್ನು ತೋಡಿಸಿ ಗುಡಿಯನ್ನು ಕಟ್ಟಿಸಿದುದನ್ನು ರಾಘವಾಂಕ ಕವಿ 'ಸಿದ್ಧರಾಮ ಚಾರಿತ್ರ'ದಲ್ಲಿ ವರ್ಣಿಸಿದ್ದಾನೆ. ಇಂದಿಗೂ ಆ ಗುಡಿಯನ್ನು ನೀರು ಬಳಸಿ ನಿಂತಿದೆ. ಮಲ್ಲಿಕಾರ್ಜುನನ ದರ್ಶನಕ್ಕೆ ಹೋಗುವ ಭಕ್ತನಿಗೆ ಮೊದಲು ಆಗುವುದು ಕೆರೆಯ ದರ್ಶನ. ಬಹಮನಿಗಳ ಕಾಲದ ಕೋಟೆ ಎದ್ದುದೂ ಈ ನೀರಿನ ಮಗ್ಗುಲಲ್ಲೇ.

ಊರ ಸುತ್ತ 68 ಲಿಂಗಗಳನ್ನು ಅವರು ಸ್ಥಾಪಿಸಿದರೆಂಬುದು ಪರಂಪರೆಯ ನಂಬುಗೆ. ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಧ್ವಜಗಳನ್ನೆತ್ತಿ, ಆ ಲಿಂಗಗಳಿಗೆ ಎಣ್ಣೆಮಜ್ಜನ ಮಾಡಿಸುತ್ತ ಭಕ್ತರು ನಡೆಯುತ್ತಾರೆ. ವರ್ಷಕ್ಕೊಮ್ಮೆಯಾದರೂ ಊರವರು ತಮ್ಮ ನೆಲವನ್ನು ಕಾಲಿನಿಂದ ಅರಿಯುವ ಏರ್ಪಾಡಿದು!

'ಶೂನ್ಯಸಂಪಾದನೆ'ಯಲ್ಲಿ ಅಲ್ಲಮಪ್ರಭುದೇವರು ಇವರನ್ನು 'ಒಡ್ಡರಾಮ'ನೆಂದು ಕರೆಯುವ ಪ್ರಸಂಗವಿದೆ. ಅದನ್ನೇ ಹಿಡಿದು, ಕೆರೆಕಟ್ಟೆಗಳ ಕೆಲಸ ಶರಣಮಾರ್ಗಕ್ಕೆ ಹೊರತಾದುದೆಂದು ವಾದಿಸುವುದು ಅವಸರದ ತೀರ್ಮಾನ. ಪ್ರಭುದೇವರು ಅಲ್ಲಗಳೆದುದು 'ನಾನು ಕಟ್ಟಿಸಿದೆ'ನೆಂಬ ಭಾವವನ್ನು. ದನಕರು, ಹಕ್ಕಿ, ದಾರಿಹೋಕರು ಕುಡಿಯುವ ನೀರನ್ನಲ್ಲ. ಆ ಭಾವ ಕಳಚಿದ ಮೇಲೆ ಉಳಿಯುವುದು ಕಾಯಕವಲ್ಲದೆ ಮತ್ತೇನು? ಸಿದ್ಧರಾಮರು ಕಲ್ಯಾಣಕ್ಕೆ ತೆರಳಿ ಚನ್ನಬಸವಣ್ಣನವರಿಂದ ದೀಕ್ಷೆ ಪಡೆದರು. ಆದರೂ ಅವರು ಸೊನ್ನಲಿಗೆಯನ್ನು ತೊರೆಯಲಿಲ್ಲ. ಅವರ ಸಮಾಧಿಯಿರುವುದು ನೀರು ಬಳಸಿದ ಆ ಗುಡಿಯ ಆವರಣದಲ್ಲಿಯೇ.